ಬೆನ್ನು ತಿರುಗಿಸಿ ಕುಳಿತವಳು

1994, ಏಪ್ರಿಲ್ 17, ಭಾನುವಾರ, ಬೆಳಿಗ್ಗೆ ಎಂಟೂವರೆ ಗಂಟೆ. ಸ್ಥಳ: ಶಿವಾಜಿನಗರದಲ್ಲಿ ನಮ್ಮ ಮಾವನವರ ಫೋಟೋ ಸ್ಟುಡಿಯೋ. ಹಾಜರಿದ್ದವರು ನಾನು, ನನ್ನ ಅತ್ತೆ, ನನ್ನ ನಾದಿನಿ. ಯಜಮಾನರಿಗೆ ಕಾರ್ಖಾನೆಯಲ್ಲಿ ಪಾಳಿ ಇದ್ದುದರಿಂದ ಅವರು ಬರಲಿಲ್ಲ.

ಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅದೇ ವಾರದ ಗುರುವಾರ ವರ್ಷಾಬ್ದಿಕ. ಕಟ್ಟಡದ ಮಾಲೀಕರು ಜಾಗ ಬಿಡಲು ಹೇಳಿದ್ದರಿಂದ, ಸಂಜೆಯೊಳಗೆ ಸ್ಟುಡಿಯೋ ಖಾಲಿ ಮಾಡಿ ಪಕ್ಕದ ಟೈಲರ್ ಸಾಹೇಬರ ಕೈಗೆ ಬೀಗದ ಕೈ ಕೊಡಬೇಕಾಗಿತ್ತು. ನಾನಾಗ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿದ್ದೆ. ಕೆಲಸ ಹಂಚದೆ ಕೆಲಸಕ್ಕೆ ಕೈ ಹಾಕುವ ಅಭ್ಯಾಸ ನನಗಿರಲಿಲ್ಲ. ಮುಂದಿನ ಕೋಣೆಯ ಪರದೆ, ದೀಪ, ಕುರ್ಚಿಗಳು ನಾದಿನಿಗೆ. ಫೋಟೋ ತೊಳೆಯುವ ಕತ್ತಲೆ ಕೋಣೆ ನನಗೆ. ಅತ್ತೆ ಕಿಟಕಿಯ ಬಳಿ ಕುಳಿತು ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಹೇಳುವುದು. ಹಿಂದಿನ ದೀಪಾವಳಿಯಲ್ಲಿ ಬಿದ್ದು ಬಲಗೈ ಮುರಿದುಕೊಂಡಿದ್ದ ಅವರಿಗೆ ಮೂಳೆ ಕೂಡಿದ್ದರೂ ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಹೀಗಾಗಿ ದಿನವೂ ಸಂಜೆ ಅವರಿಗೆ ಸ್ನಾನ ಮಾಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು.

ಅತ್ತೆ ಕುಳಿತದ್ದು ತಮ್ಮ ಹಳೆಯ ಜಾಗದಲ್ಲೇ, ರಿಟಚಿಂಗ್ ಡೆಸ್ಕಿನ ಮುಂದೆ. ಗಾಜಿನ ನೆಗೆಟಿವ್ ಪ್ಲೇಟನ್ನು ಓರೆಯಾಗಿ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತಿದ್ದುವ ಮೇಜು ಅದು. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು: ಬಿಳಿ ಮೈ ಕಪ್ಪಾಗಿ, ಕಪ್ಪು ಕಲೆ ಬರಿಗಾಜಾಗಿ ಕಾಣುತ್ತದೆ. ಆ ಬರಿಗಾಜಿನ ಜಾಗವನ್ನು ಪೆನ್ಸಿಲಿನಿಂದ ಮುಚ್ಚಿದರೆ ಅಚ್ಚಾದ ಫೋಟೋದಲ್ಲಿ ಕಲೆ ಮಾಯ. ಕಂಟೋನ್ಮೆಂಟಿನ ಎಷ್ಟೋ ಮದುಮಕ್ಕಳ ಸಿಡುಬಿನ ಗುಳಿಗಳನ್ನು ಅತ್ತೆ ಹೀಗೆ ಮುಚ್ಚಿದ್ದರು. ಮಾವ ತೆಗೆಯುವುದು, ಅತ್ತೆ ತಿದ್ದುವುದು. ಅಂಗಡಿ ನಡೆದದ್ದು ಹಾಗೆ.

ಹಳೆಯ ಪ್ಲೇಟುಗಳನ್ನು ಬಟ್ಟೆ ಒಗೆಯುವ ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ, ಮೇಲಿನ ಪೊರೆ ಕಿತ್ತು, ಗಾಜನ್ನು ಪಟಗಳಿಗೆ ಕಟ್ಟು ಹಾಕಲು ಬಳಸುವುದು ಆ ಕಸುಬಿನ ರೂಢಿ. ನಮ್ಮ ಮನೆಯ ದೇವರ ಪಟಗಳಿಗೆಲ್ಲ ಅಂಥದೇ ಗಾಜು. ಅಂದೂ ಸೀಮೆಎಣ್ಣೆ ಸ್ಟೌವಿನ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಸೋಡಾ ಹಾಕಿದ್ದೆ. ಹಲಸೂರಿನ ಕಟ್ಟಿನ ಅಂಗಡಿಯವನೊಬ್ಬ ಗಾಜನ್ನೆಲ್ಲ ಕೊಂಡೊಯ್ಯಲು ಒಪ್ಪಿದ್ದ.

ಕತ್ತಲೆ ಕೋಣೆಯ ಸಿಂಕಿನ ಕೆಳಗೆ, ಖಾಲಿ ಜಾಡಿಗಳ ಹಿಂದೆ, ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಕಾಗದದಲ್ಲಿ ಸುತ್ತಿಟ್ಟ ಪ್ಲೇಟುಗಳು. ಒಂದನ್ನು ಬಿಚ್ಚಿ, ಎಕ್ಸ್‌ರೇ ನೋಡುವಂತೆ ಬಾಗಿಲ ಬೆಳಕಿಗೆ ಹಿಡಿದೆ.

ಹೆಂಗಸೊಬ್ಬಳು ಮಣೆಯ ಮೇಲೆ ನಮಗೆ ಬೆನ್ನು ಮಾಡಿ ಕುಳಿತಿದ್ದಳು. ಕೂದಲನ್ನು ಎತ್ತಿ ಕಟ್ಟಿದ್ದಳು. ಪಕ್ಕದಲ್ಲಿ ಹಿತ್ತಾಳೆ ಕೊಡ. ಸೀರೆ ನೆಲದ ಮೇಲೆ ಬಿದ್ದಿತ್ತು. ಮೈಮೇಲೆ ಒಂದೆಳೆ ನೂಲಿರಲಿಲ್ಲ.

ಮೈ ನೋಡಿ ಹೆದರುವವಳಲ್ಲ ನಾನು. ಮೈ ತೊಳೆಯುವುದೇ ನನ್ನ ಉದ್ಯೋಗ. ಆದರೆ ವಾರ್ಡಿನಲ್ಲಿ ಮೊದಲು ಪರದೆ ಎಳೆಯುತ್ತೇವೆ, ತೊಳೆಯುವ ಭಾಗವನ್ನಷ್ಟೇ ತೆರೆಯುತ್ತೇವೆ, ಒರೆಸಿದ ತಕ್ಷಣ ಮುಚ್ಚುತ್ತೇವೆ. ಇಲ್ಲಿ ಯಾರೋ ಬೇಕೆಂದೇ ಪರದೆ ಸರಿಸಿ, ಬೆಳಕು ಬರಮಾಡಿಕೊಂಡು, ನಿಧಾನವಾಗಿ ನೋಡಿದ್ದರು. ಆ ಯಾರೋ ನನ್ನ ಮಾವ. ಮನೆಯಲ್ಲಿ ಬರೀ ಬನಿಯನ್ನಿನಲ್ಲಿ ಸೊಸೆಯ ಮುಂದೆ ಬಾರದ ಮನುಷ್ಯ.

“ಏನತ್ತಿಗೆ, ಅಲ್ಲೇ ನಿಂತ್ಬಿಟ್ರಿ?” ಎಂದು ನಾದಿನಿ ಒಳಬಂದಳು. ನಾನು ಪ್ಲೇಟನ್ನು ಮರೆಮಾಡುವಷ್ಟರಲ್ಲಿ ಕಿತ್ತುಕೊಂಡು ನೋಡಿದಳು. ಸ್ಟುಡಿಯೋದಲ್ಲಿ ಬೆಳೆದವಳು, ನೆಗೆಟಿವ್ ಓದಲು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

“ಅಯ್ಯೋ ಶಿವನೇ. ಇದು ಇಲ್ಲೇ ತೆಗ್ದಿರೋದು ಅತ್ತಿಗೆ! ಆ ಕಿಟಕಿ ನೋಡಿ. ಆ ಕೊಡ ನೋಡಿ, ಬಾಯಿ ನೆಗ್ಗಿರೋದು. ನಮ್ಮನೆ ಕೊಡ! ಯಾವಳ ಪಕ್ಕಾನೋ ಇಟ್ಟು, ಮನೆಗೆ ತಂದು, ನಮಗೆಲ್ಲ ಅದ್ರಲ್ಲೇ ನೀರು ಕುಡಿಸಿದಾರೆ!”

“ಮೆಲ್ಲಗೆ ಮಾತಾಡು. ಅತ್ತೆ ಇದಾರೆ.”

“ಕೇಳ್ಲಿ ಬಿಡಿ. ದೇವರ ಪಟಕ್ಕೆ ಇನ್ನೆಂಥೆಂಥ ಗಾಜು ಹಾಕಿದಾರೋ!”

ಅವಳು ಸೀದಾ ಹೋಗಿ ಪ್ಲೇಟನ್ನು ಅತ್ತೆಯ ಡೆಸ್ಕಿನ ಮೇಲಿಟ್ಟಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಎಲ್ಲಿತ್ತು?”

“ಸಿಂಕಿನ ಕೆಳಗೆ. ನಿಂಗೆ ಗೊತ್ತಿತ್ತಾ ಅಮ್ಮ? ನೀನು ಮಧ್ಯಾಹ್ನ ಮನೆಗೆ ಹೋದ ಹೊತ್ತಲ್ಲಿ ಅಪ್ಪ ಇಲ್ಲಿ ಹೆಂಗಸರನ್ನ ಕೂರಿಸ್ಕೋತಿದ್ರು ಅಂತ ಗೊತ್ತಿತ್ತಾ?”

ನಾದಿನಿ ಅಪ್ಪನ ಮುದ್ದಿನ ಮಗಳು. ವರ್ಷದುದ್ದಕ್ಕೂ ಮಾಸಿಕಗಳಿಗೆ ಕಗ್ಗದಾಸಪುರದಿಂದ ಎರಡು ಬಸ್ ಬದಲಾಯಿಸಿ ತಪ್ಪದೆ ಬಂದವಳು.

“ಗುರುವಾರ ನಾನು ಬರಲ್ಲ. ಆ ಮನುಷ್ಯನ ಫೋಟೋಗೆ ಹಾರ ಹಾಕಕ್ಕೆ ನನ್ನ ಕೈಯಲ್ಲಾಗಲ್ಲ. ಅಣ್ಣ ಒಬ್ನೇ ಮಾಡ್ಕೊಳ್ಲಿ.”

ಹಾಗೆಂದವಳೇ ಪ್ಲೇಟನ್ನೆತ್ತಿಕೊಂಡು ಸೋಡಾ ನೀರಿನತ್ತ ನಡೆದಳು. ನಾನು ಅಡ್ಡ ನಿಂತು, “ಕುದೀತಿದೆ, ಕೈ ಸುಟ್ಕೋತೀಯ, ಕೊಡಿಲ್ಲಿ” ಎಂದು ತೆಗೆದುಕೊಂಡೆ. ತೆಗೆದುಕೊಳ್ಳುವಾಗ ಪ್ಲೇಟು ಓರೆಯಾಯಿತು. ಎಡ ಹೆಗಲ ಮೂಳೆಯ ಕೆಳಗೆ, ಹುಣಸೆ ಬೀಜದಷ್ಟು ಜಾಗದಲ್ಲಿ, ಪೆನ್ಸಿಲಿನ ಗೆರೆಗಳು ಒತ್ತೊತ್ತಾಗಿ ಮಿಂಚಿದವು. ಬೆನ್ನಿನ ಬೇರೆಲ್ಲೂ ಒಂದು ಗೀರಿರಲಿಲ್ಲ.

ಆ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಸಂಜೆ ಅಲ್ಲಿ ಸೋಪು ಹಚ್ಚುವವಳು ನಾನು.

ಮೊದಲನೆಯ ಆಘಾತ ಇದರ ಮುಂದೆ ಏನೂ ಅಲ್ಲ. ಕುಂಕುಮವಿಲ್ಲದ ಹಣೆ, ಹೆಗಲ ತುಂಬ ಹೊದ್ದ ಸೆರಗು, ಸ್ನಾನಕ್ಕೆ ಕುಳಿತಾಗಲೂ “ಬಾಗ್ಲು ಹಾಕಿದ್ಯಾ?” ಎಂದು ಮತ್ತೆ ಮತ್ತೆ ಕೇಳುವ ಅತ್ತೆ. ನಾನೋ, ಸ್ನಾನ ಮಾಡಿಸುವವರು ಕಂಡದ್ದನ್ನು ಹೊರಗೆ ಆಡಬಾರದೆಂದು ಕಲಿತು ಬಂದವಳು. ಆದರೆ ಮಾತಾಡದಿದ್ದರೆ ಸತ್ತವರಿಗೆ ಮಗಳು ತಪ್ಪಿಹೋಗುತ್ತಾಳೆ. ಅತ್ತೆಯ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ತಿಳಿಯಿತೆಂದು ಅವರಿಗೆ ತಿಳಿದುಹೋಗಿತ್ತು.

“ಅದು ನಾನೇ ಕಣೇ,” ಎಂದರು ಮಗಳಿಗೆ.

“ಏನು?”

“ಕೂತಿರೋದು ನಾನು. ನೀನಾಗ ಎರಡು ವರ್ಷದವಳು. ನಂಗೆ ಇಪ್ಪತ್ತೇಳು.”

ನಾದಿನಿ ನಕ್ಕೇಬಿಟ್ಟಳು, ಅಳುವಿನ ನಗು. “ಅಪ್ಪನ್ನ ಉಳಿಸಕ್ಕೆ ಏನ್ ಬೇಕಾದ್ರೂ ಹೇಳ್ತೀಯಾ? ನಿನ್ನ ಬೆನ್ನು ನಂಗೊತ್ತಿಲ್ವಾ? ಚಿಕ್ಕೋಳಿದ್ದಾಗ ಆ ಮಚ್ಚೆ ಮೇಲೆ ಬೆರಳಿಟ್ಕೊಂಡೇ ಮಲಗ್ತಿದ್ದೆ. ಎಲ್ಲಿದೆ ಇದ್ರಲ್ಲಿ ಮಚ್ಚೆ?”

“ಟರ್ಪೆಂಟೈನ್ ಬಾಟ್ಲು ಡ್ರಾಯರಲ್ಲಿ ಇರ್ಬೇಕು ನೋಡಮ್ಮ,” ಎಂದರು ಅತ್ತೆ ನನಗೆ. “ಹತ್ತಿ ತಗೋ. ನನ್ ಕೈ ನಡುಗತ್ತೆ, ನೀನೇ ಒರೆಸು. ಮೆಲ್ಲಗೆ. ಉಜ್ಜಬೇಡ.”

ಬಾಟಲಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಗಾಯ ಒರೆಸುವಂತೆ, ನಡುವಿನಿಂದ ಹೊರಕ್ಕೆ, ಹತ್ತಿ ಆಡಿಸಿದೆ. ಹತ್ತಿಗೆ ಬೂದು ಬಣ್ಣ ಹತ್ತಿತು. ಹತ್ತಿ ಬದಲಿಸಿ ಮತ್ತೊಮ್ಮೆ ಒರೆಸಿ ಪ್ಲೇಟನ್ನು ಡೆಸ್ಕಿನಲ್ಲಿ ನಿಲ್ಲಿಸಿದೆ. ಕಪ್ಪು ಬೆನ್ನಿನ ಮೇಲೆ ಹುಣಸೆ ಬೀಜದಾಕಾರದ ಬರಿಗಾಜು, ಅದರೊಳಗಿಂದ ಕಿಟಕಿಯ ಬೆಳಕು.

ನಾದಿನಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸಾಗಿಸಲು ಒಟ್ಟಿದ್ದ ಕುರ್ಚಿಗಳಲ್ಲೊಂದನ್ನು ಎಳೆದು ಕುಳಿತಳು.

“ನಿಂಗೆ ನಾಚ್ಕೆ ಆಗ್ಲಿಲ್ವೇನಮ್ಮ?”

“ಆಯ್ತು. ಮೂರು ದಿನ ಇವ್ರ ಜೊತೆ ಮಾತೇ ಆಡಿರ್ಲಿಲ್ಲ. ಕಪಾಟಲ್ಲಿ ವಿಲಾಯ್ತಿ ಪುಸ್ತಕಗಳಿದಾವಲ್ಲ, ಅದ್ರಲ್ಲಿ ಇಂಥವು ಬರ್ತಿದ್ವು. ಇವ್ರಿಗೆ ಅದೇ ಧ್ಯಾನ. ‘ಮುಖ ಯಾರ್ ಬೇಕಾದ್ರೂ ತೆಗೀತಾರೆ, ಬೆನ್ನ ಮೇಲೆ ಬೆಳಕು ತೆಗೆಯೋನು ಫೋಟೋಗ್ರಾಫರ್’ ಅನ್ನೋರು. ಅಲ್ಲಿ ದುಡ್ಡು ಕೊಟ್ರೆ ಕೂರೋರು ಸಿಗ್ತಾರಂತೆ. ಈ ಊರಲ್ಲಿ ಯಾರು ಸಿಗ್ತಾರೆ? ಬೇರೆಯೋಳನ್ನ ಕರ್ಕೊಂಡ್ಬಂದ್ರೆ ನಾನು ಸುಮ್ನಿರ್ತಿದ್ನಾ?”

“ಮತ್ತೆ ಮಚ್ಚೆ?”

“ಫೋಟೋ ಊರಿನ ಎಕ್ಸಿಬಿಷನ್‌ಗೂ ಆಮೇಲೆ ವಿಲಾಯ್ತಿಗೂ ಹೋಗ್ಬೇಕಿತ್ತು. ನಮ್ಮತ್ತೆ ನಂಗೆ ವಾರವಾರ ಎಣ್ಣೆ ನೀರು ಹಾಕೋರು. ನೋಡಿದ್ರೆ ಅಲ್ಲೇ ಹಿಡೀತಿದ್ರು. ಅದಕ್ಕೇ ಮುಚ್ಚಿದೆ. ಬೇರೆಯವರ ಕಲೆ ಮುಚ್ಚೋಳಿಗೆ ನಂದು ಕಷ್ಟಾನಾ?” ಪ್ಲೇಟನ್ನು ತಮ್ಮತ್ತ ತಿರುಗಿಸಿಕೊಂಡು ಹೇಳಿದರು, “ನಾನು ತಿರುಪತಿ ದಾಟಿಲ್ಲ. ನನ್ನ ಬೆನ್ನು ಲಂಡನ್ ನೋಡ್ಕೊಂಡು ಬಂತು.”

ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ನಾದಿನಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ನಕ್ಕಳು.

ಆ ಪುಸ್ತಕಗಳನ್ನು ನಾನು ಮನೆಗೆ ತಂದು, ಮುಂದಿನ ತಿಂಗಳುಗಳಲ್ಲಿ ಊಟವಾದ ಮೇಲೆ ದಿನಕ್ಕಿಷ್ಟು ಪುಟವೆಂದು ಓದಿದೆ. ಫೋಟೋ ಎಂಬುದು ಹುಟ್ಟಿದ ಸ್ವಲ್ಪ ಕಾಲಕ್ಕೇ ಚಿತ್ರಕಾರರು ಬೆತ್ತಲೆ ಮೈಯ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದರಂತೆ. ಆಳನ್ನು ಗಂಟೆಗಟ್ಟಲೆ ಕೂರಿಸುವ ತಾಪತ್ರಯವಿಲ್ಲ. ಆಮೇಲೆ ಫೋಟೋಗ್ರಾಫರುಗಳಿಗೇ ಚಿತ್ರಕಾರರಾಗುವ ಆಸೆ ಬಂತು. ಲೆನ್ಸನ್ನು ಮಸುಕು ಮಾಡಿ, ಅಚ್ಚಿನ ಮೇಲೆ ಕುಂಚವಾಡಿಸಿ, ಮೈಯನ್ನು ಮಂಜಿನಲ್ಲಿ ನಿಲ್ಲಿಸಿದರು. ಪಕ್ಕದಲ್ಲಿ ಕೊಡ, ಕೊಳ, ಮರದ ಬೇರು. ಕೆಳಗೆ ‘ಅಧ್ಯಯನ’ ಎಂದು ಬರೆದರೆ ಗೋಡೆಗೇರುತ್ತಿತ್ತು. ಬರೆಯದಿದ್ದರೆ ಪೊಲೀಸರು ಬರುವ ಸಂಭವವಿತ್ತು. ಇಷ್ಟು ಓದಿದರೂ ನನ್ನ ಆಘಾತ ಪೂರ್ತಿ ಇಳಿಯಲಿಲ್ಲ. ತೆಗೆದವರ ಹೆಸರು ಪ್ರತಿ ಪುಟದಲ್ಲೂ ಇತ್ತು. ಕುಳಿತವರ ಹೆಸರು ಎಲ್ಲೂ ಇರಲಿಲ್ಲ. ಪುಟ ತಿರುವುವಾಗಲೆಲ್ಲ ಇವಳು ಯಾರ ಅತ್ತೆಯೋ ಎಂದು ಯೋಚಿಸುತ್ತಿದ್ದೆ.

ಅಂದಿನ ದಿನಕ್ಕೆ ಮರಳುತ್ತೇನೆ. ಮಿಕ್ಕ ಪ್ಲೇಟುಗಳನ್ನು ಅತ್ತೆ ಒಂದೊಂದಾಗಿ ಬೆಳಕಿಗೆ ಹಿಡಿಸಿಕೊಂಡು ನೋಡಿದರು. ಎಲ್ಲವೂ ಅವರವೇ, ಅದೇ ಮಣೆ, ಅದೇ ಕೊಡ.

“ಇವು ಚೆನ್ನಾಗಿ ಬಂದಿಲ್ಲ. ಕತ್ತು ನೆಟ್ಟಗಾಗ್ಬಿಟ್ಟಿದೆ. ತೊಳೆದ್ಬಿಡಿ. ಅದೊಂದು ಇರ್ಲಿ.”

ತೊಳೆದವಳು ನಾದಿನಿ. ನಾನು ಇಕ್ಕಳದಲ್ಲಿ ಹಿಡಿದು ಅದ್ದಿಕೊಟ್ಟೆ, ಅವಳು ತಣ್ಣೀರಿನಲ್ಲಿ ಪೊರೆ ಸರಿಸಿ, ಗಾಜು ಒರೆಸಿ, ಗೋಡೆಗೆ ಒರಗಿಸಿಟ್ಟಳು. ಕೊನೆಯದು ಮುಗಿದಾಗ ಕೈ ಒರೆಸಿಕೊಳ್ಳುತ್ತ ಕೇಳಿದಳು, “ಗುರುವಾರ ಎಷ್ಟೊತ್ತಿಗೆ ಬರ್ಲಿ ಅತ್ತಿಗೆ?”

“ಬೆಳಿಗ್ಗೆ ಆರಕ್ಕೆ ಬಾ. ಹೂವು ನೀನೇ ತಾ.”

“ಮಲ್ಲಿಗೆ ತರ್ತೀನಿ. ಅಪ್ಪಂಗೆ ಸೇವಂತಿಗೆ ಆಗ್ತಿರ್ಲಿಲ್ಲ.”

ಸಂಜೆ ಐದಕ್ಕೆ ಬೀಗ ಹಾಕಿದೆವು. ಟೈಲರ್ ಸಾಹೇಬರು ಬೀಗದ ಕೈ ತೆಗೆದುಕೊಂಡು, “ಆಯ್ತಾ ಅಮ್ಮಾ? ಸಾಬ್ ಹೋದ್ಮೇಲೆ ಈ ಲೈನಲ್ಲಿ ರೌನಕೇ ಇಲ್ಲ, ಕಳೆನೇ ಹೋಯ್ತು” ಎಂದರು. ಆಟೋದಲ್ಲಿ ಇಂದಿರಾನಗರದವರೆಗೂ ಅತ್ತೆ ಆ ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಮನೆಯಲ್ಲಿ ಅದು ಅವರ ಬೀರುವಿನಲ್ಲಿ, ಸೀರೆಗಳ ನಡುವೆ ಹೋಯಿತು.

ಆರೂವರೆಗೆ ಎಂದಿನಂತೆ ನೀರು ಕಾಯಿಸಿ ಅತ್ತೆಯನ್ನು ಸ್ನಾನಕ್ಕೆ ಕೂರಿಸಿದೆ.

“ಬಾಗ್ಲು ಹಾಕಿದ್ಯಾ?”

“ಹಾಕಿದೀನಿ ಅತ್ತೆ.”

ಬೆನ್ನಿಗೆ ಸೋಪು ಹಚ್ಚಿದೆ, ನೀರು ಹಾಕಿದೆ, ಮಚ್ಚೆಯ ಮೇಲೆ ಟವೆಲು ಒತ್ತಿ ಒರೆಸಿದೆ. ಬಲಗೈಯನ್ನು ಮೊದಲು ತೋಳಿಗೆ ತೂರಿಸಿ ಕುಪ್ಪಸ ತೊಡಿಸಿ, ಹುಕ್ಕು ಹಾಕಿ, ಸೆರಗು ಹೊದಿಸಿದೆ.