ಹೊಸ್ತಿಲ ಮುಂದಿನ ರೈಲು

ಗೆಳೆಯರೇ, ಇಂದು ಬೆಳಗ್ಗೆ ತಾಂಡೂರಿನ ನಮ್ಮ ಓಣಿಯಲ್ಲಿ ರೈಲು ತಡೆದರು. ನಿಜಾಮ ಸರ್ಕಾರದ ರೈಲಲ್ಲ, ನನ್ನ ಪುಟ್ಟ ಮಗಳದ್ದು. ದಿನಾ ನನ್ನ ಜೊತೆ ಸ್ಟೇಷನ್ನಿಗೆ ಬಂದು ನೋಡುವ ಎಂಜಿನ್ನನ್ನೇ ಬಾಗಿಲ ಮುಂದೆ ರಂಗೋಲಿಯಲ್ಲಿ ಬರೆದಿದ್ದಳು, ಹೊಗೆ ಸಮೇತ. ಪಕ್ಕದ ಮನೆಯ ಗೌರಮ್ಮ ಅಳಿಸಲು ನೀರಿನ ತಂಬಿಗೆ ಹಿಡಿದು ಬಂದರು. ಮಗಳು ಅಳತೊಡಗಿದಳು.

“ಚುಕ್ಕಿ ಇಲ್ಲ, ಬಳ್ಳಿ ಇಲ್ಲ. ಇಂಥಾ ಮನಿಗಿ ಲಕ್ಷ್ಮಿ ಹ್ಯಾಂಗ ಬರ್ತಾಳ್ರಿ, ಮಾಸ್ತರ?” ಎಂದರು ಗೌರಮ್ಮ.

“ರೈಲಿನಾಗ ಬರ್ತಾಳ್ರಿ, ಅವ್ವಾರ. ನಡಿಯೂ ತ್ರಾಸ ಇಲ್ಲ, ತಡಾ ಆಗೂ ಮಾತಿಲ್ಲ.”

ಎಂಜಿನ್ನಿನ ಮುಂದೆಯೇ ಕೂತುಬಿಟ್ಟೆ. “ಅಳಿಸೂದಾದ್ರ ಮೊದಲ ನನ್ನ ತಲಿಮ್ಯಾಲ ಸುರೀರಿ.”

ಅವರು ಗೊಣಗುತ್ತಾ ಒಳಹೋದರು. ನಾನು ಮಗಳಿಗೆ ಇನ್ನೊಂದು ಬಟ್ಟಲು ರಂಗೋಲಿ ಪುಡಿ ಕೊಟ್ಟೆ.

ಸಂಜೆಯೊಳಗೆ ರೈಲಿನ ಡಬ್ಬಿಗಳು ಗೌರಮ್ಮನವರ ಹೊಸ್ತಿಲು ಮುಟ್ಟಿವೆ. ತಂಬಿಗೆ ಮಾತ್ರ ಹೊರಗೆ ಬಂದಿಲ್ಲ. ಲಕ್ಷ್ಮಿ ಅಲ್ಲೇ ಇಳಿದುಬಿಟ್ಟರೆ?