ಎಲೆಕ್ಟ್ರೋಮೆಟಲರ್ಜಿಯ ಮೊದಲಕ್ಷರ

ಕೇಳಿ ಸಭಾಸದರೇ. ಇವತ್ತು ಶಿವಮೊಗ್ಗದ ಅಂಗಡಿಯಲ್ಲಿ ಸೀಮೆಸುಣ್ಣದ ಡಬ್ಬಿ ತೆರೆದರು. ಆ ವಾಸನೆಗೆ ಭದ್ರಾವತಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನ ಬಾಗಿಲು ಕಣ್ಣೆದುರು ಬಂದು ನಿಂತಿತು. ಅದರ ಮೇಲೆ ನನ್ನದೇ ಕೈಬರಹ: ಎ-ಲೆಕ್-ಟ್ರೋ-ಮೆ-ಟ-ಲರ್-ಜಿ.

ಅಪ್ಪ ಕುಲುಮೆಯ ಕೆಲಸಗಾರ. ಹೊಗೆಗೆ ಕೆಮ್ಮು ಹಿಡಿದಿತ್ತು. ಕಾರ್ಖಾನೆ ನೋಡಲು ಬಂದವರಿಗೆ ವಿವರಿಸುವ ಕೆಲಸ ಸಿಕ್ಕರೆ ಕುಲುಮೆಯಿಂದ ಬಿಡುಗಡೆ. ಅದಕ್ಕೆ ಸಾಹೇಬರೆದುರು ವಿದ್ಯುತ್ತಿನಿಂದ ಲೋಹ ಕರಗಿಸುವ ಈ ವಿಭಾಗದ ಹೆಸರನ್ನು ತಡವರಿಸದೆ ಹೇಳಬೇಕಿತ್ತು. ನಾಟಕದಲ್ಲಿ ರಾಜನಾಗಿ ಗುಡುಗಿದರೆ ಪೆಟ್ರೋಮ್ಯಾಕ್ಸ್ ದೀಪವನ್ನೇ ನಡುಗಿಸುತ್ತಿದ್ದ ನಮ್ಮಪ್ಪ ಈ ಏಳು ಚೂರುಗಳೆದುರು ಬೆವೆತುಹೋದರು.

ಶಾಲೆಗೆ ಹೋಗುತ್ತಿದ್ದ ನಾನೇ ಎಂಟು ದಿನ ಹೇಳಿಕೊಟ್ಟೆ. ‘ಮೆ’ ಬಂದರೆ ‘ಟ’ ಹೋಗುತ್ತಿತ್ತು.

"ಸಾಕು ಮಾರಾಯ್ತಿ, ಇದು ಮನುಷ್ಯರ ಬಾಯಿಗೆ ಮಾಡಿದ್ದಲ್ಲ" ಎಂದು ಅಪ್ಪ ಕೂತುಬಿಡುವರು. ನಾನು ಸಿಟ್ಟಿನಿಂದ ‘ಎ’ ಎಂದು ಶುರುಮಾಡುವೆ. ಕೊನೆಕೊನೆಗೆ ನಾನು ‘ಎ’ ಎಂದರೆ ಸಾಕು, ಉಳಿದದ್ದು ಅಪ್ಪನ ಬಾಯಿಂದ ಓಣಿಗೆಲ್ಲ ಕೇಳುವಂತೆ ಉರುಳಿ ಬರುತ್ತಿತ್ತು.

ಸಂದರ್ಶನದಿಂದ ಬಂದ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟರು.

"ಏನಾಯ್ತುರೀ?" ಅಮ್ಮ ಕೇಳಿದರು.

"ನಿಂತೇ ಇದ್ದೆ ಕಣೆ. ಯಾರೂ ಮೊದಲಕ್ಷರ ಎತ್ತಿಕೊಡ್ಲಿಲ್ಲ."

"ಅದೇನು ನಾಟಕದ ಸ್ಟೇಜಾ, ಪರದೆ ಹಿಂದೆ ನಿಂತು ಹೇಳ್ಕೊಡೋಕೆ?" ಅಮ್ಮ ಹಣೆ ಚಚ್ಚಿಕೊಂಡರು.

ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಂಡೆ. ಆರು ಚೂರು ಕಲಿಸಿದ್ದೆ. ಮೊದಲನೆಯದನ್ನು ಒಂದು ದಿನವೂ ಅಪ್ಪನ ಬಾಯಿಗೆ ಬಿಟ್ಟುಕೊಟ್ಟಿರಲಿಲ್ಲ. ಮರುದಿನ ಅವರು ಕೆಮ್ಮುತ್ತ ಕುಲುಮೆಗೇ ಹೋದರು.

ಈಗಷ್ಟೇ ಮೊಮ್ಮಗಳು ಪಾಠದ ಉದ್ದ ಪದವೊಂದಕ್ಕೆ ಎಡವಿ ನನ್ನ ಮುಖ ನೋಡಿದಳು. ನಾನು ತುಟಿ ಬಿಗಿಹಿಡಿದು ಕೂತಿದ್ದೇನೆ.