ಒಂದೇ ದಿನ ಹುಟ್ಟಿದ ಹದಿನಾಲ್ಕು ಮಕ್ಕಳು

ಬಾವಿಕಟ್ಟೆಯ ಬಳಿ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದಾಗ ಶಾಲೆಯ ಡ್ರಿಲ್ ಮಾಸ್ಟರು ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದರು.

"ಬಾಯಮ್ಮ, ನಿಮ್ಮ ಮಗಳನ್ನು ಸಣ್ಣವರ ಓಟದಿಂದ ತೆಗೆದಿದ್ದಾರೆ. ಪ್ರಾಯ ಎರಡು ತಿಂಗಳು ಜಾಸ್ತಿಯಂತೆ. ತಾಲೂಕಿನಲ್ಲಿ ದೊಡ್ಡವರ ಜೊತೆ ಓಡಬೇಕಂತೆ."

"ಓಡಲಿ."

"ಎಂತ ಓಡಲಿ? ಪೇಟೆ ಶಾಲೆಯ ಆ ಹುಡುಗಿಯರ ಕಾಲು ನೋಡಿದ್ದೀರಾ? ನಮ್ಮದು ಕೊಕ್ಕರೆ ಮರಿ." ಮತ್ತೆ ಸ್ವರ ತಗ್ಗಿಸಿದರು. "ರಿಜಿಸ್ಟರ್ ನೋಡಿದೆ. ಅವಳ ಕ್ಲಾಸಿನ ಹದಿನಾಲ್ಕು ಮಕ್ಕಳೂ ಜೂನ್ ಒಂದಕ್ಕೇ ಹುಟ್ಟಿದ್ದಾ? ಆ ದಿನ ಸೂಲಗಿತ್ತಿಗೆ ಉಣ್ಣಲಿಕ್ಕಾದರೂ ಪುರುಸೊತ್ತು ಸಿಕ್ಕಿತಾ ಮಾರಾಯ್ರೆ?"

ನಗು ಬಂತು, ನಗಲಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲು ನಡೆದರೆ ನಮ್ಮ ಇಗರ್ಜಿ. ಎಪ್ಪತ್ತರ ದಶಕದಲ್ಲಿ ಅದರ ಜಗಲಿಯಲ್ಲೇ ಶಾಲೆ ಶುರುವಾದದ್ದು. ಒಪ್ಪಿಗೆ ಸಿಗಲು ಒಂದನೆಯ ಕ್ಲಾಸಿಗೆ ಮಕ್ಕಳು ಸಾಲಲಿಲ್ಲ. ಆಗಿನ ಪಾದ್ರಿಗಳು ಮನೆಮನೆಗೆ ಬಂದು, ಪ್ರಾಯ ತುಂಬದವರಿಗೂ ತಿಂಗಳು ಸೇರಿಸಿ, ಎಲ್ಲರಿಗೂ ಜೂನ್ ಒಂದೆಂದೇ ಹೆಸರು ಬರೆಸಿದರು. ನನ್ನ ಮಗಳಿಗೆ ಹತ್ತು ತಿಂಗಳು ಸೇರಿತು. ರುಜು ಹಾಕಿದವಳು ನಾನು. ಪೂಜೆ ಮುಗಿದ ಮೇಲೆ ಆದಿತ್ಯವಾರಗಳಲ್ಲಿ ಮನೆಗೊಬ್ಬರು ಹಾರೆ ಹಿಡಿದು ಗುಡ್ಡ ಕಡಿದು ಆಟದ ಬಯಲನ್ನೂ ಮಾಡಿದೆವು. ಒಂದು ಮೂಲೆ ಏರಾಗಿಯೇ ಉಳಿಯಿತು. ಅಲ್ಲಿ ಓಡಿ ಕಲಿತ ಮಕ್ಕಳು ಸಮನೆಲದಲ್ಲಿ ಹಾರುತ್ತಿದ್ದರು.

"ಇಗರ್ಜಿಯಲ್ಲಿ ಜ್ಞಾನಸ್ನಾನದ ಪುಸ್ತಕ ಉಂಟಲ್ಲ? ಅದರಿಂದ ಹುಟ್ಟಿದ ನಿಜವಾದ ದಿನ ಬರೆಸಿ ಒಂದು ಚೀಟಿ ತನ್ನಿ. ಸಣ್ಣವರಲ್ಲಾದರೆ ಗೆಲ್ತಾಳೆ, ಬರೆದು ಕೊಡ್ತೇನೆ," ಎಂದು ಮಾಸ್ಟರು ಹೊರಟರು.

ಸಂಜೆ ವಿಷಯ ತಿಳಿದ ಮಗಳು ಚಾ ಕುಡಿಯಲಿಲ್ಲ. "ಹೋಗುವ ಅಮ್ಮ, ಈಗಲೇ ಹೋಗುವ."

ಹೊಸದಾಗಿ ಬಂದಿದ್ದ ಪಾದ್ರಿಗಳು ಪುಸ್ತಕ ತೆರೆದು, ಚೀಟಿ ಬರೆದು, ಮೊಹರು ಒತ್ತಿದರು. "ಇದು ಸತ್ಯ. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಒಬ್ಬಳದ್ದು ತಪ್ಪೆಂದಾದರೆ ಹದಿನಾಲ್ಕನ್ನೂ ನೋಡ್ತಾರೆ. ನಮ್ಮ ಶಾಲೆಗೆ ಎಂಟನೆಯ ಕ್ಲಾಸು ಕೇಳಿ ಕಳಿಸಿದ ಅರ್ಜಿ ಮಂಗಳೂರಿನ ಆಫೀಸಿನಲ್ಲಿ ಉಂಟು."

ಆ ಕ್ಲಾಸು ಬಾರದಿದ್ದರೆ ನಮ್ಮ ಕಡೆಯ ಹೆಚ್ಚಿನ ಹುಡುಗಿಯರ ಓದು ಏಳಕ್ಕೇ ನಿಲ್ಲುತ್ತಿತ್ತು. ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದೆ. ಇಂಥದ್ದೇ ಮಾಡಿ ಎಂದು ಅವರು ಹೇಳದಿದ್ದುದು ದೊಡ್ಡ ಉಪಕಾರ.

ಮಗಳು ಹತ್ತು ಮಾರು ಮುಂದೆ ನಡೆದಳು. ತೋಡು ದಾಟುವಲ್ಲಿ ನಿಂತು, "ಸುಳ್ಳು ಬರೆಸಿದ್ದು ನೀವು. ಓಡುವುದು ನಾನು," ಎಂದಳು.

"ಹೌದು," ಎಂದೆ.

ಶನಿವಾರ ಪಾಪನಿವೇದನೆಯಲ್ಲಿ ಆ ಸುಳ್ಳನ್ನು ಹೇಳಿಕೊಂಡೆ. ಕ್ಷಮೆ ಸಿಕ್ಕಿತು. ರಿಜಿಸ್ಟರಿನಲ್ಲಿದ್ದದ್ದು ಹಾಗೆಯೇ ಇತ್ತು.

ತಾಲೂಕು ಆಟೋಟಕ್ಕೆ ಬಂಟ್ವಾಳಕ್ಕೆ ನಾನು ಹೋಗಲಿಲ್ಲ. ಮುಸ್ಸಂಜೆಗೆ ಮಾಸ್ಟರು ಅವಳನ್ನು ಮನೆಗೆ ಬಿಟ್ಟರು. "ನಾಲ್ಕನೆಯವಳು ಬಾಯಮ್ಮ. ಮೂರನೆಯವಳಿಗೂ ಇವಳಿಗೂ ಒಂದು ಗೇಣು." ಬಹುಮಾನ ಮೂವರಿಗೆ ಮಾತ್ರ.

ಬೀಳಲಿಲ್ಲ. ಬರಿಗಾಲಲ್ಲಿ ಓಡಿದರೂ ಗಾಯವಾಗಲಿಲ್ಲ. ದೇವರು ಕೊಟ್ಟದ್ದನ್ನು ನಾನು ಹೀಗೆ ಬಿಡಿಬಿಡಿಯಾಗಿ ಎಣಿಸುವವಳು. ಮುಂದಿನ ಜೂನಿನಲ್ಲಿ ಎಂಟನೆಯ ಕ್ಲಾಸು ಬಂತು, ಹದಿನಾಲ್ಕು ಮಂದಿಯೂ ಸೇರಿದರು. ಮಗಳು ಅಲ್ಲೇ ಹತ್ತನೆಯವರೆಗೆ ಓದಿದಳು. ಓಟಕ್ಕೆ ಮಾತ್ರ ಮತ್ತೆಂದೂ ಹೆಸರು ಕೊಡಲಿಲ್ಲ.

ತಾಲೂಕು ಓಟದಿಂದ ಬಂದ ಆ ಸಂಜೆ ಅವಳು ಕಾಲು ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದಳು: "ಸಣ್ಣವರಲ್ಲಿ ಗೆದ್ದವಳು ನನಗಿಂತ ನಿಧಾನ. ಅವಳು ಓಡುವಾಗ ಬದಿಯಲ್ಲಿ ನಿಂತು ನೋಡಿದೆ."

"ಗಂಜಿ ಬಿಸಿ ಉಂಟು," ಎಂದೆ. ಹಿತ್ತಿಲಲ್ಲಿ ಹಂದಿಗಳು ಕೂಗುತ್ತಿದ್ದವು. ಕಲಗಚ್ಚಿನ ಬಾಲ್ದಿಗೆ ತೌಡು ಕಲಸಿ ಎತ್ತಿಕೊಂಡು ಹೋದೆ.